ಮೂರು ಮಿಡಿತ, ಒಂದು ತಡೆ

ನಮ್ಮ ಲ್ಯಾಬಿನಲ್ಲಿ ಒಂದು ರಾಸಾಯನಿಕವಿತ್ತು; ಅದು ಕೈಗೆ ತಾಗಿದರೆ ಸಾಕು, ಬಾಯಲ್ಲಿ ಬೆಳ್ಳುಳ್ಳಿಯ ರುಚಿ ಏಳುತ್ತದೆ. ಬೆಳ್ಳುಳ್ಳಿ ಮುಟ್ಟದ ಮೈಸೂರಿನ ಮನೆಯವಳು ನಾನು. ಎಂಬತ್ತೇಳರಲ್ಲಿ ಪರೇಲಿನ ಲ್ಯಾಬಿಗೆ ಸೇರಿದ ಮೇಲೆ ದಿನವೂ ಆ ರುಚಿಯನ್ನು ನುಂಗುತ್ತಿದ್ದೆ.

ಮಾಟುಂಗದ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಚೆನ್ನಯ ಗಡ್ಡೆಯ ಕಾಯಿಲೆಯಿಂದ ತೀರಿಕೊಂಡಿದ್ದ. ಆ ಗಡ್ಡೆಯ ಜೀವಕೋಶಗಳನ್ನು ನಾವು ತಟ್ಟೆಗಳಲ್ಲಿ ಬೆಳೆಸುತ್ತಿದ್ದೆವು. ಇನ್ನೂ ಏನೂ ಆಗಿರದ, ಏನು ಬೇಕಾದರೂ ಆಗಬಲ್ಲ ಕೋಶಗಳು ಅವು. ಒಂದೇ ಒಂದು ತಟ್ಟೆಗೆ ಆ ಬೆಳ್ಳುಳ್ಳಿ ರುಚಿಯ ರಾಸಾಯನಿಕ ಹಾಕಿದೆ. ಕೆಲವು ದಿನಗಳಲ್ಲಿ ಅವು ಹೃದಯದ ಕೋಶಗಳಾಗಿ ಮಿಡಿಯತೊಡಗಿದವು. ಮೂರು ಮಿಡಿತ, ಒಂದು ತಡೆ, ಮತ್ತೆ ಮೂರು.

ತಟ್ಟೆಗಳನ್ನು ಕಾವಿನಲ್ಲಿಡುವ ಬೆಚ್ಚಗಿನ ಪೆಟ್ಟಿಗೆಯಿಂದ ಹೊರಗಿಟ್ಟರೆ ಇಂಥ ಕೋಶಗಳು ತಣ್ಣಗಾಗಿ ನಿಂತುಬಿಡುತ್ತವೆ. ಇವು ಮಧ್ಯಾಹ್ನವಿಡೀ ಮೇಜಿನ ಮೇಲೆ ಮಿಡಿಯುತ್ತಲೇ ಇದ್ದವು.

ಅಂದೇ ಚೆನ್ನಯನ ಹೆಂಡತಿ ವಾರಿಜಾ ಬಂದಳು.

"ಅವರದ್ದು ಎಂತದೋ ಇಲ್ಲಿ ಉಂಟಂತೆ. ಒಮ್ಮೆ ತೋರಿಸಿ ಅಕ್ಕ."

ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಬೆರಳು ಮಡಿಸಿ ಎಣಿಸಿದಳು.

"ಅವರ ಎದೆ ಹೀಗೇ ಹೊಡಕೊಳ್ತಿತ್ತು. ಮೂರು ಸಲ ಹೊಡೆದು ಒಮ್ಮೆ ನಿಲ್ತಿತ್ತು. ರಾತ್ರಿ ಕಿವಿಯಿಟ್ಟು ಕೇಳಿದ್ದೇನೆ. ಸಾಕು ಅಕ್ಕ, ತುಂಬಾ ನರಳಿದ್ದಾರೆ. ಇದನ್ನು ನಿಲ್ಲಿಸಿಬಿಡಿ."

ತಟ್ಟೆಗೆ ಬ್ಲೀಚ್ ಸುರಿದೆ. ಕೋಶಗಳು ಬಿಳಿಚಿಕೊಂಡು ಕರಗಿದವು. ವಾರಿಜಾ ಕೈಮುಗಿದು ಸ್ಟೇಷನ್ನಿನ ಕಡೆ ನಡೆದಳು.

ಮಿಕ್ಕ ತಟ್ಟೆಗಳನ್ನು ನೋಡೋಣವೆಂದು ಪೆಟ್ಟಿಗೆ ತೆರೆದೆ. ದೀಪ ಉರಿಯುತ್ತಿತ್ತು, ಕಾವಿನ ಮುಳ್ಳು ಸರಿಯಾಗಿಯೇ ಇತ್ತು, ಆದರೆ ಒಳಗಿನಿಂದ ಮಂಜಿನಂಥ ಗಾಳಿ ಮುಖಕ್ಕೆ ಹೊಡೆಯಿತು. ಬಾಯಿ ತುಂಬ ಬೆಳ್ಳುಳ್ಳಿ. ಬರಿಗಣ್ಣಿಗೇ ಕಾಣುವಂತೆ ಎಲ್ಲ ತಟ್ಟೆಗಳೂ ಒಟ್ಟಿಗೆ ಮಿಡಿಯುತ್ತಿದ್ದವು. ಮೂರು ಮಿಡಿತ, ಒಂದು ತಡೆ.

ಅವುಗಳಲ್ಲಿ ಒಂದಕ್ಕೂ ನಾನು ಆ ರಾಸಾಯನಿಕ ಹಾಕಿರಲಿಲ್ಲ.