ಪರದೆಯ ಹಿಂದಿನ ನಗು

ಬಿಳಿ ಪರದೆಯ ಮೇಲೆ ಯಾರೂ ಇರಲಿಲ್ಲ. ಆದರೂ ಒಬ್ಬ ಹೆಂಗಸು ನಗುತ್ತಿದ್ದಳು!

ನರಸಿಂಹರಾಜಪುರದ ಆ ಟಾಕೀಸು ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಕತ್ತಲು, ಬಾವಲಿಯ ವಾಸನೆ. ತಸ್ಮಿಯಾ ಬಾಗಿಲಲ್ಲೇ ನಿಂತುಬಿಟ್ಟಳು.

'ಯಾ ಅಲ್ಲಾಹ್... ಯಾರಿದು?'

ನಗು ಟಕ್ಕನೆ ನಿಂತಿತು. ಪರದೆಯ ಹಿಂದಿನಿಂದ ವೈರು ಹಿಡಿದ ಯುವಕನೊಬ್ಬ ಹೊರಬಂದ.

ಇಸ್ರಾರ್! ಎರಡು ವರ್ಷದ ಹಿಂದೆ ಒಂದು ಮಾತೂ ಹೇಳದೆ ಅವಳನ್ನು ಬಿಟ್ಟುಹೋದವನು.

"ಸಿನಿಮಾದ ಸೌಂಡ್ ಚೆಕ್ ಮಾಡ್ತಿದ್ದೆ..." ಅವನು ತಲೆ ತಗ್ಗಿಸಿದ. "ನೀನು ಬರ್ತೀಯ ಅಂತ ಪ್ರೇಮಕ್ಕ ಹೇಳ್ಲೇ ಇಲ್ಲ."

"ಹೇಳಿದ್ರೆ ನೀನು ಮತ್ತೆ ಓಡಿಹೋಗ್ತಿದ್ದೆ, ಅಲ್ವಾ?"

ಊರಿನ ಸಿನಿಮಾ ಬಳಗ ನಡೆಸುವ ಪ್ರೇಮಕ್ಕ ಹಳೆಯ ಜರ್ಮನ್ ಹಾಸ್ಯಚಿತ್ರವೊಂದನ್ನು ತರಿಸಿದ್ದರು. ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ, ಒಂದು ನಾಟಕದಿಂದ ಮಾಡಿದ ಚಿತ್ರ. ಕೊಪ್ಪದಲ್ಲಿ ನರ್ಸುಗಳಿಗೆ ಜರ್ಮನ್ ಕಲಿಸುವ ತಸ್ಮಿಯಾ, ಅದರ ಮಾತನ್ನು ಮೈಕಿನಲ್ಲಿ ಕನ್ನಡದಲ್ಲಿ ಹೇಳಬೇಕಿತ್ತು. ಇವತ್ತು ಅದರ ಅಭ್ಯಾಸ.

ಸೌಂಡ್ ನೋಡಿಕೊಳ್ಳಲು ಬಂದಿದ್ದ ಇಸ್ರಾರ್ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಚಿತ್ರ ಶುರುವಾಯಿತು.

ಪರದೆಯ ಮೇಲಿದ್ದವರೆಲ್ಲ ಸತ್ತು ಎಷ್ಟೋ ಕಾಲವಾಗಿತ್ತು. ಅವರ ನಗು ಮಾತ್ರ ಖಾಲಿ ಕುರ್ಚಿಗಳ ನಡುವೆ ಓಡಾಡುತ್ತಿತ್ತು... ನಗಬೇಕಾದ ಕಡೆಯೆಲ್ಲ ತಸ್ಮಿಯಾಳ ಮೈ ಜುಮ್ಮೆನ್ನುತ್ತಿತ್ತು.

ನಾಯಕಿ ಗೆಳತಿಗೆ ಏನೋ ಹೇಳಿ ಕಿಲಕಿಲ ನಕ್ಕಳು. ತಸ್ಮಿಯಾ ಮೈಕಿಗೆ ಬಾಗಿದಳು.

"ಅವನನ್ನ ಪ್ರೀತಿಸೋದಾ? ಅವನ ಪೆದ್ದುತನ ನೋಡಿ ನಗ್ತಿದ್ದೆ, ಅಷ್ಟೇ!"

ತಟ್ಟನೆ ಚಿತ್ರ ನಿಂತಿತು. ನಾಯಕಿಯ ತೆರೆದ ಬಾಯಿ ಪರದೆ ತುಂಬ ಹಾಗೇ ಉಳಿಯಿತು.

ಚಿತ್ರ ನಿಲ್ಲಿಸಿದ ಇಸ್ರಾರ್ ಅವಳತ್ತ ತಿರುಗಿದ.

"ಇದೇ ಮಾತು... ಅವತ್ತು ಕಾಲೇಜಲ್ಲಿ ನಿನ್ನ ಗೆಳತಿ ಗೌಸಿಯಾ ಹತ್ರ ಹೇಳಿದ್ದೆ ನೀನು! ನಾನು ಬಾಗಿಲ ಹೊರಗೆ ನಿಂತಿದ್ದೆ, ಕೇಳಿಸ್ತು."

ತಸ್ಮಿಯಾ ಮೈಕನ್ನು ಪಕ್ಕಕ್ಕೆ ತಳ್ಳಿದಳು.

"ಈ ಸಿನಿಮಾದ ನಾಟಕಾನೇ ಆಗ ನಾನು ಕನ್ನಡಕ್ಕೆ ಮಾಡಿದ್ದೆ, ಮಾರಾಯ! ಗೌಸಿಯಾಗೆ ಪಾರ್ಟ್ ಹೇಳಿಕೊಡ್ತಿದ್ದೆ! ಆಮೇಲೆ ಆ ನಾಟಕ ಆಡ್ಲೇ ಇಲ್ಲ... ಒಂದು ಸಲ ನನ್ನ ಕೇಳಬಾರ್ದಿತ್ತಾ?"

"ನೀನು ಹೌದು ಅಂದುಬಿಟ್ರೆ ಅಂತ ಹೆದರಿದೆ." ಅವನ ದನಿ ಒಡೆಯಿತು. "ಎರಡು ವರ್ಷದಿಂದ ಆ ನಗು ಕಿವೀಲೇ ಇದೆ, ತಸ್ಮಿಯಾ. ಎಲ್ಲಿ ಹೋದ್ರೂ ಬಿಡ್ಲಿಲ್ಲ."

'ಯಾರೋ ಬರೆದ ತಮಾಷೆಗೆ... ನಮ್ಮ ಎರಡು ವರ್ಷ!'

ಅವಳು ಕಣ್ಣೊರೆಸಿಕೊಂಡು ಎದ್ದಳು. ಲ್ಯಾಪ್‌ಟಾಪ್ ಮುಚ್ಚಿದಳು. ಆ ತೆರೆದ ಬಾಯಿ ಕತ್ತಲಲ್ಲಿ ಕರಗಿತು.

"ನಂಗೆ ತುಂಬಾ ಸಿಟ್ಟಿದೆ, ಇಸ್ರಾರ್."

"ಇರ್ಲಿ... ಪ್ರೀತಿ?"

ಕತ್ತಲಲ್ಲಿ ಅವಳ ತಣ್ಣಗಿನ ಬೆರಳು ಅವನ ಕೈ ಹುಡುಕಿತು.

"ಇದೆ."

"ಇನ್ನೊಂದ್ಸಲ ಹೇಳು..."