ಒಲ್ಲೆ ಎನ್ನಲು ಹನ್ನೆರಡು ದಿನ

ಹೆಣ್ಣು ನೋಡಲು ಹುಕ್ಕೇರಿಯವರು ಬಂದ ದಿನ ತ್ರಿಶಲಾಳ ಗಂಟಲು ಪೂರ್ತಿ ಕಟ್ಟಿತ್ತು. ತೊಂಬತ್ತೊಂಬತ್ತರ ಮಾತು. "ಹುಡುಗ ಒಪ್ಪಿಗಿ ಏನವಾ?" ಎಂದು ಹಿರಿಯರು ಕೇಳಿದರು. ಒಲ್ಲೆ ಎನ್ನಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಮೌನವೇ ಸಮ್ಮತಿ ಎಂದು ಎಲ್ಲರೂ ನಕ್ಕು ಬಾಯಿ ಸಿಹಿ ಮಾಡಿಕೊಂಡರು. ತಗೋ, ಹನ್ನೆರಡು ದಿನಕ್ಕೆ ನಿಶ್ಚಯ!

ಒಲ್ಲೆ ಎಂದು ಚೀಟಿ ಬರೆದು ಕೊಟ್ಟರೆ ಅಪ್ಪ ಕುಂಥುನಾಥ ಓದಿ ಜೇಬಿಗೆ ಹಾಕಿಕೊಂಡರು. "ಜಡ್ಡಿನಾಗ ಏನರ ಬರೀತಿ. ಆರಾಮಾಗಿ ಬಾಯಿ ಬಿಟ್ಟು ಹೇಳು, ಕೇಳ್ತೀನಿ."

ಬಾಯಿ ಬಿಟ್ಟೇ ಹೇಳುತ್ತೇನೆ ಎಂದು ಹಟ ಹಿಡಿದಳು ಕುಲಗೋಡದ ಈ ಟೀಚರ್. ಮರುದಿನವೇ ಮತ್ತೆ ಕೌಜಲಗಿಯ ದವಾಖಾನೆಗೆ ಬಸ್ ಹತ್ತಿದಳು.

ಡಾಕ್ಟರಬಾಯಿ ಬ್ಯಾಟರಿ ಬಿಟ್ಟು ಗಂಟಲು ನೋಡಿದರು. ದವಡೆಯ ಕೆಳಗೆ ಒತ್ತಿದರು. ನುಂಗಲು ಆಗುತ್ತದೆಯೇ, ತೂಕ ಇಳಿದಿದೆಯೇ, ಎಲ್ಲ ಕೇಳಿದರು. "ಮೂರು ವಾರ ಆತು. ಹತ್ತು ದಿನದ ಗುಳಿಗಿ ಕೊಟ್ಟಿದ್ನಲ್ಲ, ಯಾಕ ಕಡಿಮಿ ಆಗವಲ್ದು? ಈ ಸಲಾನೂ ಆಗದಿದ್ರ ಬೆಳಗಾವಿಗಿ ಬರದ ಕೊಡ್ತೀನಿ."

ಗುಳಿಗೆಯ ಕಿಟಕಿಯಲ್ಲಿ ಕಂಪೌಂಡರ್ ಶೀತಲ್ ಕೂತಿದ್ದ. ಅವಳ ಹಳೆಯ ಪೊಟ್ಟಣ ಬಿಚ್ಚಿ ಹುಬ್ಬೇರಿಸಿದ. "ಮೂವತ್ತು ಕೊಟ್ಟಿದ್ದೆ, ಹತ್ತು ಉಳದಾವು. ರಾತ್ರಿದು ನುಂಗಿಲ್ಲ, ಹೌದಲ್ರಿ?"

ತಲೆಯಾಡಿಸಿದಳು. ಹೊತ್ತು ಮುಳುಗಿದ ಮೇಲೆ ಜೈನರಾದ ತ್ರಿಶಲಾಳ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ.

"ನಮ್ಮವ್ವಂದೂ ಇದ ಕಥಿ. ನಾವು ಬಸದಿಗಿ ಹೋಗೂ ಮಂದಿ, ದೇವರಿಗಿ ಹೇಳ್ತೀವಿ, ಡಾಕ್ಟರಿಗಿ ಹೇಳಂಗಿಲ್ಲ!"

ಒಳಗೆ ಹೋಗಿ ಡಾಕ್ಟರಬಾಯಿಗೆ ತಿಳಿಸಿ, ಗುಳಿಗೆ ಬದಲಿಸಿಕೊಂಡು ಬಂದ. ಈಗ ದಿನಕ್ಕೆರಡೇ: ಬೆಳಗ್ಗೆ ಹೊತ್ತು ಹುಟ್ಟಿದ ಮೇಲೊಂದು, ಸಂಜೆ ಹೊತ್ತಿರುವಾಗಲೇ ಇನ್ನೊಂದು. ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಬೇಕು. ಹತ್ತು ದಿನ ಮಾತು ಬಂದ್. "ಪಿಸುಗುಟ್ಟೂದೂ ಬ್ಯಾಡ್ರಿ ಟೀಚರ್ರ, ಅದು ಇನ್ನೂ ಕೆಟ್ಟ."

ಎರಡು ದಿನಕ್ಕೊಮ್ಮೆ ತೋರಿಸಲು ಹೋಗುತ್ತಿದ್ದಳು. ಅವನು ಮಾತಾಡುವುದು, ಇವಳು ಬರೆಯುವುದು. ಒಂದು ದಿನ ಚೀಟಿ ಸರಿಸಿದಳು: "ಊರೆಲ್ಲ ನನಗ ಅಕ್ಕೋರ ಅಂತೈತಿ. ನೀವಷ್ಟ ಟೀಚರ್ರ ಅಂತೀರಿ. ಯಾಕ?"

ಓದುತ್ತ ಓದುತ್ತ ಅವನ ಕಿವಿ ಕೆಂಪಾದವು. ಕಣ್ಣೆತ್ತಿದ, ಇಳಿಸಿದ, ಮತ್ತೆ ಎತ್ತಿದ. "ಅಕ್ಕ ಅನ್ನಾಕ ಮನಸ್ಸ ಬರವಲ್ದ್ರಿ."

ನಗುವಂತಿಲ್ಲವಲ್ಲ! ಸೆರಗು ಕಚ್ಚಿಕೊಂಡು ಹೊರಗೋಡಿದಳು. ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು, ಈ ಮನುಷ್ಯನ ಮೇಲೆ ತನಗೆ ಮನಸ್ಸಾಗಿಬಿಟ್ಟಿದೆ.

ಹನ್ನೊಂದನೆಯ ದಿನ ಬೆಳಗ್ಗೆ ಅಪ್ಪನ ಎದುರು ನಿಂತಳು. ಧ್ವನಿ ಸ್ವಚ್ಛವಾಗಿ ಬಂತು. "ಅಪ್ಪಾ, ಹುಕ್ಕೇರಿ ಹುಡುಗನ್ನ ನಾ ಒಲ್ಲೆ."

ಕುಂಥುನಾಥರು ಜೇಬಿನಿಂದ ಆ ಹಳೆಯ ಚೀಟಿ ತೆಗೆದು ಅವಳ ಕೈಗಿಟ್ಟರು. "ಬಾಯಿ ಬಿಟ್ಟು ಹೇಳಂತ ನಾನ ಅಂದೇನಿ. ಈಗ ಕೇಳಬೇಕಾತು. ಹುಕ್ಕೇರಿಯವರಿಗಿ ಇವತ್ತ ಹೇಳಿ ಕಳಸ್ತೀನಿ. ಮತ್ಯಾರು ಬೇಕು?"

ಹೇಳಿಯೇಬಿಟ್ಟಳು.

ಮಧ್ಯಾಹ್ನ ದವಾಖಾನೆಯ ಕಿಟಕಿಯ ಮುಂದೆ ಸಾಲು ಇತ್ತು. ತನ್ನ ಪಾಳಿ ಬಂದಾಗ ತ್ರಿಶಲಾ ಒಂದೇ ಉಸಿರಿಗೆ ಅಂದಳು, "ನಿಮಗ ಒಂದ ಮಾತು ಕೇಳದ, ನಮ್ಮಪ್ಪನ ಮುಂದ ನಿಮ್ಮ ಹೆಸರು ಹೇಳಿ ಬಂದೇನ್ರಿ. ಬೇಸ್ತವಾರ ಮನಿಗಿ ಬರಾಕ ಹೇಳ್ಯಾರ."

ಶೀತಲ್ ಕೈಯಲ್ಲಿನ ಗುಳಿಗೆ ಹಿಡಿದೇ ನಿಂತ. ಅವಳ ಧ್ವನಿ ಅವನು ಕೇಳಿದ್ದೇ ಮೊದಲು. "ನಾ ಒಲ್ಲೆ ಅಂದ್ರ?"

"ಅನ್ರಿ ನೋಡೂಣು." ದಿಟ್ಟಿಸಿ ನೋಡಿದಳು.

ಸಾಲಿನಲ್ಲಿ ಹಿಂದೆ ನಿಂತಿದ್ದ ಮುದುಕಿ ಶಿವವ್ವ ಕೋಲು ಕುಟ್ಟಿದಳು. "ಏ ತಮ್ಮಾ, ಏನರ ಒಂದು ಲಗೂನ ಹೇಳೋ. ನನ್ನ ಬಸ್ ಹೋಗ್ತೈತಿ!"

"ಬೇಸ್ತವಾರ ಮಟಾ ಯಾಕ?" ಎಂದ ಶೀತಲ್, ಅವಳಿಂದ ಕಣ್ಣು ಕೀಳದೆ. "ಇವತ್ತ ಬರ್ತೀನಿ, ನಡೀರಿ."