ಹುಣಸೆಮರದ ಕೆಳಗಿನ ಖಾಲಿ ಜಾಗ

ಆ ನಕ್ಷೆಗೆ ಕೈ ಹಚ್ಚಬಾರದೆಂದು ಉಮಾದೇವಿಗೆ ಚೆನ್ನಾಗಿ ಗೊತ್ತಿತ್ತು. ಸಮುದಾಯ ಆಧಾರಿತ ಸಂಶೋಧನೆ ಮತ್ತು ಅಭಿವೃದ್ಧಿ ಎಂಬ ಉದ್ದ ಹೆಸರಿನ ಎಂ.ಎ. ಓದುತ್ತಿದ್ದ ಹುಡುಗಿ ಅವಳು. ಊರಿನ ನಕ್ಷೆಯನ್ನು ಊರಿನವರೇ ಬಿಡಿಸಬೇಕು, ಹೊರಗಿನವರು ರಂಗೋಲಿ ಪುಡಿ ಮುಟ್ಟಬಾರದು ಎನ್ನುವುದು ಅಲ್ಲಿ ಕಲಿಸುವ ಮೊದಲ ಪಾಠ. ಆದರೂ ಮುಟ್ಟಿದಳು.

ಮಂಠಾಳದ ಶಾಲೆಯ ಅಂಗಳದಲ್ಲಿ ಹೆಂಗಸರು ರಂಗೋಲಿ ಪುಡಿಯಿಂದ ನೆಲದ ಮೇಲೆ ತಮ್ಮ ಓಣಿ ಬಿಡಿಸಿದ್ದರು. ಗುಡಿ ಬಂತು, ಬೋರ್‌ವೆಲ್ ಬಂತು, ಕುರಿದೊಡ್ಡಿಗಳೂ ಬಂದವು. ಗೋಡೆಯಾಚೆ ಕಾಣುತ್ತಿದ್ದ ಹುಣಸೆಮರವೂ ಬಂತು. ಅದರ ಕೆಳಗಿನ ಬಾವಿ ಮಾತ್ರ ಬರಲಿಲ್ಲ. ನಕ್ಷೆಯ ಮೇಲೆ ಓಡಾಡುವವರೆಲ್ಲ ಆ ಜಾಗ ತುಳಿಯದೆ ಸುತ್ತಿ ಹೋಗುತ್ತಿದ್ದರು.

ಮರೆತಿರಬೇಕು ಅಂದುಕೊಂಡು ಉಮಾದೇವಿ ಒಂದು ಹಿಡಿ ನೀಲಿ ಪುಡಿ ತೆಗೆದು ಅಲ್ಲೊಂದು ಸುತ್ತು ಹಾಕಿದಳು.

"ನೀರಿನ ಜಾಗಾನೇ ಬಿಟ್ಟೀರಲ್ರಿ!"

ಯಾರೂ ನಗಲಿಲ್ಲ. ಎಲ್ಲರನ್ನೂ ಕರೆದು ತಂದು ಕೂರಿಸಿದ್ದ ಪ್ರೇಮಕುಮಾರ ಎದ್ದು ಗೇಟು ದಾಟಿ ಹೋಗಿಬಿಟ್ಟ.

ಈ ಪ್ರೇಮಕುಮಾರ ಕುರಿ ಸಾಕುವ ಮನೆಯವನು, ಡಿಗ್ರಿ ಓದಿದವನು. ಉಮಾದೇವಿ ಹುಮನಾಬಾದಿನ ಪಕ್ಕದ ತನ್ನೂರು ಮಾಣಿಕನಗರದಿಂದ ಹೊರಟು, ಬಸವಕಲ್ಯಾಣದಲ್ಲಿ ಬಸ್ಸು ಇಳಿದು, ಆಟೋದಲ್ಲಿ ಮೈ ಹಣ್ಣು ಮಾಡಿಕೊಂಡು ಬಂದಾಗಲೆಲ್ಲ ಸ್ಟಾಪಿನಲ್ಲಿ ಕಾದಿರುತ್ತಿದ್ದ. "ಮೇಡಂ, ನಿಮ್ಮ ತಲ್ಯಾಗಿನ ಧೂಳಿನಾಗ ತೊಗರಿ ಬಿತ್ತಬಹುದ್ರಿ" ಎಂದು ಕಾಡಿಸುತ್ತಿದ್ದ. ಆದರೆ ನಗು ಅರ್ಧಕ್ಕೆ ಬರುವಷ್ಟರಲ್ಲಿ ಅವನ ಕಣ್ಣು ಹುಣಸೆಮರದ ಕಡೆ ಹೊರಳುತ್ತಿತ್ತು, ಯಾರದೋ ಅಪ್ಪಣೆ ಕೇಳುವ ಹಾಗೆ. ನಗು ಅಲ್ಲಿಗೇ ನಿಲ್ಲುತ್ತಿತ್ತು.

ಉಳಿದರ್ಧ ನಗುವಿಗಾಗಿ ನಮ್ಮ ಹುಡುಗಿ ಹಂಬಲಿಸುತ್ತಿದ್ದಳು. ಫೀಲ್ಡ್‌ವರ್ಕ್ ಅನ್ನುವುದು ಈಚೆಗೆ ಬರೀ ನೆಪವಾಗಿತ್ತು.

ಅವನು ಗೇಟು ದಾಟಿದ ಮೇಲೆ ಅವನ ಅವ್ವ ತುಳಜಾಬಾಯಿ ಉಮಾದೇವಿಯ ಪಕ್ಕಕ್ಕೆ ಬಂದು ಕುಳಿತಳು.

"ಅವನ ಹೇಂತಿ ಸಪ್ನಾ ಆ ಬಾವ್ಯಾಗೇ ಹೋದ್ಳವ್ವಾ. ಕುರಿಮರಿ ಬಿದ್ದಿತ್ತು, ತೆಗಿಯಾಕ ಇಳದಿದ್ಳು. ಮದಿವ್ಯಾಗಿ ವರ್ಷ ಸುದ್ದಾ ಆಗಿದ್ದಿಲ್ಲ. ಆಮ್ಯಾಲ ಹಗ್ಗ ತೆಗದ ಒಗದೇವಿ. ಆದ್ರೂ ರಾಟಿ ತಿರುಗೂದು ಕೇಳಸ್ತದ ಅಂತಾನ. ಅದಕ್ಕ ನಾವು ಆ ಬಾವಿ ಹೆಸರ ತಗಿಯಂಗಿಲ್ಲ."

ಉಮಾದೇವಿಗೆ ಈಗ ಅರ್ಥವಾಯಿತು. ಇಷ್ಟು ದಿನ ತಾನು ಪ್ರೀತಿಸಿದ್ದು ಇನ್ನೊಬ್ಬಳ ಗಂಡನನ್ನು. ಆ ಇನ್ನೊಬ್ಬಳು ಬದುಕಿಲ್ಲ, ಬಿಟ್ಟೂ ಹೋಗಿಲ್ಲ. ಬದುಕಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳು ಎದ್ದು ಮರದ ಕಡೆ ನಡೆದಳು. ಪ್ರೇಮಕುಮಾರ ಬಾವಿಗೆ ಬೆನ್ನು ಮಾಡಿ ನಿಂತಿದ್ದ. ನಡುಮಧ್ಯಾಹ್ನ, ಒಂದೆಲೆಯೂ ಅಲುಗುತ್ತಿರಲಿಲ್ಲ.

"ತಪ್ಪಾತ್ರಿ," ಎಂದಳು.

"ನಿಮ್ದೇನ್ರಿ ತಪ್ಪು. ನಾ ಇನ್ನೊಂದ ಹಗ್ಗ ತರಾಕ ಹೋಗಿದ್ದೆ. ಬರೂದ್ರಾಗ ಎಲ್ಲಾ ಮುಗದಹೋಗಿತ್ತು..."

ಆಗ ಕೇಳಿಸಿತು. ಹಗ್ಗವಿಲ್ಲದ ರಾಟೆ, ತುಕ್ಕು ಹಿಡಿದದ್ದು, ಕಿರ್ರೆಂದು ಒಂದು ಸುತ್ತು ತಿರುಗಿ ನಿಂತಿತು. ಉಮಾದೇವಿಯ ಕಾಲು ಓಡು ಅನ್ನುತ್ತಿತ್ತು, ಅವಳು ಓಡಲಿಲ್ಲ.

"ನಿಮಗೂ ಕೇಳಸ್ತೇನ್ರಿ?" ಎಂದ ಅವನು.

"ಕೇಳಸ್ತ್ರಿ."

ಅವನು ಮೊದಲ ಸಲ ಅವಳನ್ನು ನೆಟ್ಟನೆ ನೋಡಿದ. ನೋಡುತ್ತ ನೋಡುತ್ತ ಬಿಗಿದಿದ್ದ ಮುಖ ಸಡಿಲಾಯಿತು.

"ಅಕಿ ಇಲ್ಲೇ ಇರ್ತಾಳ್ರಿ, ಎಲ್ಲೂ ಹೋಗಂಗಿಲ್ಲ. ನಿಮ್ಮ ಮ್ಯಾಲ ನನಗ ಮನಸ ಇಲ್ಲಂತಲ್ಲ. ಮನಸ ಅದ. ಅದಕ್ಕ ಹೆದರಾಕತ್ತೇನಿ."

ಉಮಾದೇವಿಯ ಕಣ್ಣು ತುಂಬಿದವು.

"ಇರ್ಲಿ ಬಿಡ್ರಿ. ಮೊದಲ ಬಂದಾಕಿ ಅಕಿ. ನಾ ಅಕಿನ್ನ ಕಳಸಾಕ ಬಂದಿಲ್ಲ. ಆದ್ರ ಅಕಿ ಇರೂ ಜಾಗಾನೇ ಅಳಿಸಿದ್ರ, ಅಕಿ ಪಾಪ ಎಲ್ಲಿ ಇರಬೇಕ್ರಿ?"

ಅವನು ಬಾವಿಯ ಕಡೆ ತಿರುಗಿದ, ಆಮೇಲೆ ಶಾಲೆಯ ಕಡೆ ನಡೆದ.

ಹೆಂಗಸರು ನೀಲಿ ಸುತ್ತನ್ನು ಅಳಿಸಿಬಿಟ್ಟಿದ್ದರು. ಪ್ರೇಮಕುಮಾರ ಮೊಣಕಾಲೂರಿ ಕುಳಿತು ಬಾವಿಯನ್ನು ತಾನೇ ಬರೆದ. ಅದರ ಅಂಚಿಗೆ ಅರಿಶಿಣ ಬಣ್ಣದ ಒಂದು ಬೊಟ್ಟು ಇಟ್ಟು, ಎಲ್ಲರಿಗೂ ಕೇಳುವಂತೆ "ಸಪ್ನಾ" ಎಂದ. ತುಳಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಅವನು ಪುಡಿಯ ಬಟ್ಟಲನ್ನು ಉಮಾದೇವಿಯ ಕಡೆ ಚಾಚಿದ.

"ಈಗ ನಿಮ್ಮ ಮನಿ ಬರೀರಿ."

"ಹೊರಗಿನವ್ರು ಬರೀಬಾರ್ದ್ರಿ. ಒಮ್ಮೆ ಬರದು ಸಾಕಾಗ್ಯದ."

"ಹೊರಗಿನವ್ರು ಯಾರದಾರ್ರಿ ಇಲ್ಲಿ?"

"ಮಾಣಿಕನಗರ ಈ ಅಂಗಳದಾಗ ಹಿಡಿಯಂಗಿಲ್ಲವ್ವಾ," ಎಂದಳು ತುಳಜಾಬಾಯಿ. "ನಮ್ಮ ಮನ್ಯಾಗೇ ಜಾಗಾ ಅದ, ಅಲ್ಲೇ ಬರಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಪ್ರೇಮಕುಮಾರನೂ ನಕ್ಕ, ಇಡಿಯಾಗಿ, ಎತ್ತಲೂ ನೋಡದೆ.

ಈ ಸಲ ಹುಣಸೆಮರದ ಕಡೆ ನೋಡಿದವಳು ಉಮಾದೇವಿ. ಹಿಡಿಯಲ್ಲಿ ಪುಡಿ ಹಿಡಿದುಕೊಂಡೇ ಕಾದಳು. ದೂರದಲ್ಲಿ ರಾಟೆ ಒಮ್ಮೆ ಮೆಲ್ಲಗೆ ಕಿರುಗುಟ್ಟಿತು. ಆಗ ಅವಳು ಬಾಗಿ ಗೆರೆ ಎಳೆದಳು.